ಯಂತ್ರ ನೋಡುತ್ತಿದ್ದ ಕಡೆ

ಹೆಣ ನಾಲೆ ಏರಿಯ ಕೆಳಗೆ ಬಿದ್ದಿತ್ತು. ಏರಿಯ ಮೇಲಿದ್ದ ಅಳತೆ ಯಂತ್ರ ಹೆಣಕ್ಕೆ ಬೆನ್ನು ಹಾಕಿ ನಿಂತಿತ್ತು.

ಸತ್ತವನು ನಾಗೇಶ್, ಮೈಸೂರಿನ ಖಾಸಗಿ ಕಂಪನಿಯೊಂದರ ಸರ್ವೆಯರ್. ಕೆಳಗಿನಕೊಪ್ಪಲಿನ ಎರಡು ಜಮೀನುಗಳ ಗಡಿ ಗುರುತಿಸಲು ಕೋರ್ಟಿನ ಅಪ್ಪಣೆ ಮೇಲೆ ಒಬ್ಬನೇ ಬಂದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಗೂಟ ಹೊಡೆಯಲು ತಂದಿದ್ದ ಅವನದೇ ಸುತ್ತಿಗೆ ನಾಲೆಯ ನೀರಿನಲ್ಲಿ ಸಿಕ್ಕಿತು.

ಶ್ರಾವಣ ಶನಿವಾರ. ಅರ್ಧ ಊರು ಮುತ್ತತ್ತಿ ದೇವಸ್ಥಾನಕ್ಕೆ ಹೋಗಿತ್ತು. ನೋಡಿದವರು ಯಾರೂ ಇಲ್ಲ. ನಾನು ಹೆಡ್ ಕಾನ್ಸ್‌ಟೇಬಲ್ ಚಲುವರಾಜು, ಇಪ್ಪತ್ತಾರು ವರ್ಷದ ಸರ್ವೀಸು. ಈ 'ಯಾರೂ ನೋಡಿಲ್ಲ' ಅನ್ನುವ ಮಾತು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಫೋನ್ ಮಾಡಿದವನು ಪುಟ್ಟರಾಜು. ಅಳೆಯಬೇಕಿದ್ದ ಜಮೀನುಗಳಲ್ಲಿ ಒಂದು ಅವನದು. ಮೆತ್ತನೆ ಮನುಷ್ಯ. ನಮಗೆಲ್ಲ ಚೊಂಬಿನಲ್ಲಿ ನೀರು ತಂದುಕೊಟ್ಟ.

"ಜಗಳದ ಜಾಗ ಯಾವುದು?" ಎಸ್ಸೈ ರೂಪ ಕೇಳಿದರು.

"ಅಗೋ, ಆ ಬೀಳು ಮೇಡಮ್." ಹುಲ್ಲು ಬೆಳೆದ ಹತ್ತು ಗುಂಟೆ. "ಕೋರ್ಟು ತಡೆ ಅದೆ. ಐದು ವರ್ಸದಿಂದ ನಾನು ಅದ್ಕೆ ಕಾಲೇ ಇಟ್ಟಿಲ್ಲ."

"ಅದರಾಚೆ ಕಬ್ಬು?"

"ಕರಿಯಯ್ಯಂದು." ಅಷ್ಟು ಹೇಳಿ ಮುಖ ತಿರುಗಿಸಿದ. ಇಬ್ಬರಿಗೂ ಹನ್ನೆರಡು ವರ್ಷದಿಂದ ಮಾತಿಲ್ಲ.

ರೂಪ ಮೇಡಮ್ ಹೆಣ ಬಿಟ್ಟು ಯಂತ್ರದ ಹಿಂದೆ ಬಗ್ಗಿ ನಿಂತರು. "ಇದು ಕಬ್ಬನ್ನ ಯಾಕೆ ನೋಡ್ತಿದೆ, ಚಲುವರಾಜು?"

"ಯಂತ್ರ ಮೇಡಮ್. ಯಾರೋ ತಿರುಗಿಸಿರ್ತಾರೆ."

"ಅದು ನೋಡ್ತಿರೋ ಕಡೆಗೇ ನೇರವಾಗಿ ನಡೀರಿ."

ನಡೆದೆ. ಕಬ್ಬಿನ ಗರಿ ಮುಖವೆಲ್ಲ ಕೊಯ್ಯಿತು. ಯಂತ್ರಕ್ಕೂ ಅದನ್ನು ಕಂಡುಹಿಡಿದವನ ವಂಶಕ್ಕೂ ಶಾಪ ಹಾಕುತ್ತ ನುಗ್ಗಿದೆ. ಐದಾರು ಸಾಲು ದಾಟಿದ ಮೇಲೆ ಕಾಲಿಗೆ ತಗುಲಿತು ನಾಗೇಶನ ಅಳತೆ ಕೋಲು. ತುದಿಯಲ್ಲಿ ಗಾಜಿನ ಗುಂಡು, ಅದರ ಮೇಲೊಂದು ಬಿಳಿ ಟೋಪಿ, ನಡುವೆ ಬಿಗಿದ ಟ್ಯಾಬ್. ಟ್ಯಾಬಿನ ಗಾಜು ಒಡೆದಿತ್ತು.

ಇನ್ನೇನು ಬೇಕು? ಕೋಲು ಕರಿಯಯ್ಯನ ಕಬ್ಬಿನಲ್ಲಿ. ಹಿಂದಿನ ದಿನವಷ್ಟೇ ಅವನು ಅರಳಿಕಟ್ಟೆ ಮುಂದೆ ಕೂಗಾಡಿದ್ದ: "ನನ್ ಬದೀನ್ ಮ್ಯಾಲೆ ಕಾಲಿಟ್ಟೋನ್ ಕಾಲು ಮುರಿತೀನಿ! ಅಳತೆ ಮುಗಿದ್ ದಿನ್ವೇ ಬೀಳಿಗೆ ಜೇಸಿಬಿ ಬುಡ್ತೀನಿ!"

ಸಂಜೆಗೆ ಅವನು ಲಾಕಪ್ಪಿನಲ್ಲಿದ್ದ. ಒಂದು ಕೆನ್ನೆಗೆ ನಾನೇ ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಖುಷಿಯಿಂದಲೇ ಬಿಟ್ಟೆ.

* * *

ಭಾನುವಾರ ಬೆಳಗ್ಗೆ ಠಾಣೆಯ ಬಾಗಿಲಲ್ಲಿ ಕರಿಯಯ್ಯನ ಹೆಂಡತಿ ದೊಡ್ಡತಾಯಮ್ಮ ಕೂತಿದ್ದಳು.

"ನನ್ ಗಂಡ ಬಾಯ್ಬಡ್ಕ ಕಣಮ್ಮ, ಕೊಲೆಗಡುಕ ಅಲ್ಲ. ಇವತ್ತು ಜಡ್ಜ್ ಮುಂದೆ ನಿಲ್ಲಿಸ್ಬುಟ್ರೆ ಊರ್ನಾಗೆ ನಾವು ತಲೆ ಎತ್ತಕಾಯ್ತದಾ?"

"ಮಧ್ಯಾಹ್ನದವರೆಗೆ ಟೈಮಿದೆ," ಅಂದರು ಮೇಡಮ್.

"ಬಾಯಿ ಮುಚ್ಕೊಂಡು ಆ ಕಡೆ ಕೂತ್ಕೊ," ಅಂದೆ ನಾನು.

"ನಿನ್ ಬಾಯಿಗ್ ಮಣ್ಣಾಕ!" ಅಂದಳು ಅವಳು.

ಅಷ್ಟರಲ್ಲಿ ಮೈಸೂರಿನಿಂದ ದೀಪಿಕ ಬಂದಳು. ನಾಗೇಶನ ಜೊತೆ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಅತ್ತು ಕಣ್ಣು ಕೆಂಪಾಗಿತ್ತು, ಮಾತು ಅದಕ್ಕಿಂತ ಖಾರವಾಗಿತ್ತು.

"ಟ್ಯಾಬ್ ತೆಗೆದು ನೋಡಿದ್ರಾ?"

"ಒಡೆದೋಗಿದೆಯಲ್ಲಮ್ಮ."

"ಗಾಜು ಒಡೆದಿದೆ ಸರ್. ಬುದ್ಧಿ ಒಡೆದಿಲ್ಲ."

ನನಗೆ ಚುರುಕ್ ಅಂತು. ಮೇಡಮ್ ನಕ್ಕರು.

ದೀಪಿಕ ಬಿಡಿಸಿ ಹೇಳಿದಳು. ಆ ಯಂತ್ರಕ್ಕೆ ಹಿಂದೆ ನಿಲ್ಲಲು ಆಳು ಬೇಡ. ಕೋಲು ಹಿಡಿದವನು ಎತ್ತ ನಡೆದರೂ ಗಾಜಿನ ಗುಂಡನ್ನು ನೋಡುತ್ತ ತಾನೇ ತಿರುಗುತ್ತದೆ. ಮರವೋ ಕಬ್ಬೋ ಅಡ್ಡ ಬಂದರೆ ಗುಂಡು ಕಾಣುವುದಿಲ್ಲ. ಆಗ ಕೋಲಿನ ಬಿಳಿ ಟೋಪಿಗೆ ಕೆಲಸ. ಅದು ಉಪಗ್ರಹಗಳಿಂದ ತಾನಿರುವ ಜಾಗ ತಿಳಿದು ಯಂತ್ರಕ್ಕೆ ಕಳಿಸುತ್ತದೆ. ಯಂತ್ರ ಆ ಕಡೆ ಮುಖ ಮಾಡಿ ಹುಡುಕುತ್ತದೆ.

"ಅದಕ್ಕೇ ಕಾಣದ ಕೋಲಿನ ಕಡೆ ನೋಡ್ತಾ ನಿಂತಿತ್ತು," ಅಂದರು ಮೇಡಮ್.

"ಹೌದು. ನಡೆದ ದಾರಿಯೆಲ್ಲ ಅರ್ಧ ಮೀಟರಿಗೊಂದು ಚುಕ್ಕಿಯಾಗಿ ಈ ಟ್ಯಾಬಿನಲ್ಲಿ ಉಳಿದಿದೆ."

ತಾನು ತಂದಿದ್ದ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಹನ್ನೊಂದು ಹತ್ತಕ್ಕೆ ನಾಗೇಶ್ ಕೊನೆಯ ಗಡಿ ಗುರುತು ಹಾಕಿದ್ದ. ಅದರ ಪ್ರಕಾರ ಬೀಳು ಪೂರ್ತಿ ಕರಿಯಯ್ಯನದು. ಆಮೇಲೆ ಕೋಲು ನಾಲೆ ಏರಿಯ ಹತ್ತಿರ ಹದಿನಾಲ್ಕು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಯಾರೋ ಅದನ್ನು ಎತ್ತಿಕೊಂಡು ಬೀಳಿನ ಮೂಲಕ ಕಬ್ಬಿಗೆ ನಡೆದಿದ್ದರು.

"ತನಗೇ ಜಮೀನು ಬಂದ ಮೇಲೆ ಕರಿಯಯ್ಯ ಯಾಕೆ ಹೊಡೀಬೇಕು?" ಮೇಡಮ್ ಕೇಳಿದರು.

ನನ್ನ ಅಂಗೈ ಯಾಕೋ ಕಡಿಯತೊಡಗಿತು.

ಚುಕ್ಕಿಗಳ ಸಾಲು ದಾರ ಹಿಡಿದಂತೆ ನೇರವಾಗಿತ್ತು. ಬೀಳಿನ ನಡುವೆ ಒಂದು ಕಡೆ ಮಾತ್ರ ಎಡಕ್ಕೆ ಬಾಗಿ, ಅರ್ಧ ಸುತ್ತು ಹಾಕಿ, ಮತ್ತೆ ನೇರವಾಗಿತ್ತು.

"ಇಲ್ಲೇನಿದೆ?"

"ಏನೂ ಇಲ್ಲ ಮೇಡಮ್. ಬರೀ ಹುಲ್ಲು. ಹಾವು ಗೀವು ಕಂಡಿರಬೇಕು," ಅಂದೆ.

* * *

ಹನ್ನೊಂದಕ್ಕೆ ಕರಿಯಯ್ಯನನ್ನೂ ಕರೆದುಕೊಂಡು ಎಲ್ಲರೂ ಜಮೀನಿನಲ್ಲಿದ್ದೆವು. ದೀಪಿಕ ಹಳೆಯ ಜಾಗದಲ್ಲೇ ಯಂತ್ರ ನಿಲ್ಲಿಸಿ, ಕಂಪನಿಯ ಇನ್ನೊಂದು ಕೋಲು ಜೋಡಿಸಿದಳು. ಊರು ಬದುವಿನ ಮೇಲೆ ಸಾಲುಗಟ್ಟಿತ್ತು. "ಪೊಲೀಸ್ನೋರ್ಗೆ ಬ್ಯಾರೆ ಕ್ಯಾಮೆ ಇಲ್ವಾ?" ಅಂತ ಯಾರೋ ಕೂಗಿದರು.

ಮೇಡಮ್ ಮೊದಲು ಕರಿಯಯ್ಯನ ಕೈಗೆ ಕೋಲು ಕೊಟ್ಟರು. "ಅಳತೆ ಪೂರ್ತಿ ಮಾಡಬೇಕು. ನಾಲೆಯಿಂದ ಕಬ್ಬಿಗೆ ನಡೀರಿ."

"ನಂಗೇನ್ ಗಾಚಾರ!" ಅಂತ ಗೊಣಗಿ, ಅವನು ನೆಟ್ಟಗೆ ನಡೆದ. ಚುಕ್ಕಿಗಳು ಬಾಗಿದ್ದ ಜಾಗವನ್ನು ತುಳಿದುಕೊಂಡೇ ಹೋದ. ಯಂತ್ರ ಅವನ ಹಿಂದೆಯೇ ಕತ್ತು ತಿರುಗಿಸಿತು.

"ಈಗ ನೀವು, ಪುಟ್ಟರಾಜು."

"ನಾನ್ಯಾಕ್ ಮೇಡಮ್?"

"ನಿಮ್ಮದೂ ಜಮೀನಲ್ವಾ?"

ಅವನು ಕೋಲು ಹಿಡಿದ. ನೆಟ್ಟಗೆ ಬಂದ. ನಡುವಿಗೆ ಬಂದಾಗ, ನೆಲವನ್ನೂ ನೋಡದೆ, ಎಡಕ್ಕೆ ಸರಿದು ಬಳಸಿ ಮುಂದೆ ಹೋದ.

ದೀಪಿಕ ಲ್ಯಾಪ್‌ಟಾಪ್ ತಿರುಗಿಸಿದಳು. ನಿನ್ನೆಯ ಬಾಗಿನ ಮೇಲೆ ಇವತ್ತಿನ ಬಾಗು ಕೂತಿತ್ತು.

"ಹಾವು ಇವತ್ತೂ ಅಲ್ಲೇ ಮಲಗಿದೆಯಾ, ಚಲುವರಾಜು?" ಅಂದರು ಮೇಡಮ್. ಆಮೇಲೆ ಪುಟ್ಟರಾಜುವಿನ ಕಡೆ ತಿರುಗಿದರು.

"ಐದು ವರ್ಷದಿಂದ ಕಾಲಿಡದ ಜಾಗದಲ್ಲಿ ಎಲ್ಲಿ ಬಳಸಬೇಕು ಅಂತ ನಿಮ್ಮ ಕಾಲಿಗೆ ಗೊತ್ತಿದೆ ಪುಟ್ಟರಾಜು. ವಾಪಸ್ ಬನ್ನಿ. ಈ ಸಲ ನೇರವಾಗಿ, ಹುಲ್ಲು ತುಳಿದುಕೊಂಡು."

ಅವನು ಎರಡು ಹೆಜ್ಜೆ ಬಂದ. ಮೂರನೆಯದು ಏಳಲಿಲ್ಲ. ಬದುವಿನ ಮೇಲಿದ್ದ ಅವನ ಹೆಂಡತಿ ಸುನಿತಾ ಕಿರುಚಿದಳು. "ತುಳೀಬ್ಯಾಡ ಕಣಯ್ಯೋ! ತುಳೀಬ್ಯಾಡ!"

ಪುಟ್ಟರಾಜು ಕೋಲು ಬಿಟ್ಟು ಕುಕ್ಕರಿಸಿದ.

"ನಮ್ ಕೂಸದೆ ಮೇಡಮ್ ಇಲ್ಲಿ. ಏಳು ವರ್ಸ ಆತು. ಮೂರ್ ದಿನದ್ ಕೂಸು. ಎಳೇ ಮಕ್ಕಳ್ಗೆ ನಾವು ಗುಡ್ಡೆ ಆಕಲ್ಲ, ಕಲ್ಲು ನೆಡಲ್ಲ. ನಮ್ ಜಮೀನು ಅಂತ್ಲೇ ಮಣ್ಣು ಮಾಡ್ದೆ. ಆವಯ್ಯ ಕೊನೇ ಗೂಟ ವೊಡ್ದು, 'ಬೀಳು ಕರಿಯಯ್ಯಂಗೆ ಓಯ್ತು' ಅಂದ. ಈ ನನ್ಮಗ ಜೇಸಿಬಿ ಬುಡ್ತೀನಿ ಅಂತ ಊರ್ಗೆಲ್ಲ ಸಾರವ್ನೆ. ಗೂಟ ಒಂದೀಟು ಈ ಕಡೆ ಆಕಿ ಸ್ವಾಮಿ ಅಂತ ಕಾಲಿಡ್ದೆ. ಆಗಲ್ಲ ಅಂದ. ಸುತ್ತಿಗೆ ಅಲ್ಲೇ ಬಿದ್ದಿತ್ತು."

"ಕೋಲು ತಗೊಂಡೋಗಿ ಕರಿಯಯ್ಯನ ಕಬ್ಬಿಗೆ ಎಸೆದ್ರಿ."

"ಊಂ. ಬರೀ ಕೋಲು ಅಂದ್ಕಂಡಿದ್ದೆ."

ಬದುವಿನ ಮೇಲೆ ಯಾರೋ ಹೆಂಗಸು ಲೊಚಗುಟ್ಟಿದಳು. ದೀಪಿಕ ಸಿಡಿದಳು.

"ಅಯ್ಯೋ ಪಾಪ ಅನ್ಬೇಡಿ ಯಾರೂ! ನಾಗೇಶ್ ಸರ್‌ಗೂ ಎರಡು ಮಕ್ಕಳಿದಾವೆ. ಬದುಕಿರೋ ಮಕ್ಕಳು!"

ನಾನು ಪುಟ್ಟರಾಜುವಿನ ಕೈಗೆ ಬೇಡಿ ಹಾಕಿದೆ.

* * *

ಕರಿಯಯ್ಯನನ್ನು ಅಲ್ಲೇ ಬಿಟ್ಟುಬಿಟ್ಟೆವು. ಅವನು ನೇರ ನನ್ನ ಮುಂದೆ ಬಂದು ನಿಂತ.

"ವೊಡೆದ್ಯಲ್ಲಾ ಚಲುವರಾಜು. ನಿನ್ ಕೈ ಸೇದೋಗ."

"ತಪ್ಪಾಯ್ತು ಕರಿಯಯ್ಯ," ಅಂದೆ. ಇಪ್ಪತ್ತಾರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವನಿಗೆ ಸಾಲಲಿಲ್ಲ.

"ಮೇಡಮ್ಮೋರೇ, ಕೂಸದೆ ಅಂತ ಆ ನನ್ಮಗ ನಂಗೊಂದ್ ಮಾತು ಯೇಳಿದ್ರೆ ನಾನೇನ್ ರಾಕ್ಸಸನಾ?"

"ಹನ್ನೆರಡು ವರ್ಷ ಮಾತು ಬಿಟ್ಟೋರಿಗೆ ಯಾವ ಬಾಯಲ್ಲಿ ಹೇಳ್ಬೇಕಿತ್ತು?"

ಅವನು ಕ್ಯಾಕರಿಸಿ ಉಗಿದ. ಹೆಂಡತಿಯನ್ನು ಕರೆದುಕೊಂಡು, ತನ್ನದಾದ ಬೀಳಿನ ಮೇಲೆಯೇ ಮನೆಗೆ ಹೊರಟ. ಪೊಲೀಸರನ್ನು ಬೈದ, ಕೋರ್ಟನ್ನು ಬೈದ, ಪುಟ್ಟರಾಜುವಿನ ಅಪ್ಪ, ತಾತ, ಎಲ್ಲರನ್ನೂ ಬೈದ. ನಡುವಿಗೆ ಹೋದಾಗಲೂ ಬೈಗುಳ ನಿಲ್ಲಲಿಲ್ಲ. ಆದರೆ ಅಲ್ಲಿ ದೊಡ್ಡತಾಯಮ್ಮನ ತೋಳು ಹಿಡಿದು ಎಡಕ್ಕೆ ಎಳೆದುಕೊಂಡ. ಇಬ್ಬರೂ ಆ ಜಾಗವನ್ನು ಬಳಸಿಕೊಂಡು ಹೋದರು.