ಬೆನ್ನ ಮೇಲಿನ ಗುರುತು

೧೯೧೨ರಲ್ಲಿ ನಾನು ಹಿರಿಯೂರಿನ ಕಡೆ ಮೇಷ್ಟ್ರಾಗಿದ್ದೆ. ಬೇಸಿಗೆಯ ಒಂದು ಮಧ್ಯಾಹ್ನ, ಆದಿಕಾಲದವರು ಕೆಮ್ಮಣ್ಣಿನಲ್ಲಿ ಬರೆದ ಚಿತ್ರಗಳನ್ನು ತೋರಿಸಲು ಮಕ್ಕಳನ್ನು ಗುಡ್ಡದ ಗವಿಗೆ ಕರೆದೊಯ್ದೆ. ಒಳಗೆ ಬಂಡೆ ತಣ್ಣಗಿತ್ತು. ಒಂದು ಕುರಿಯೂ ಇಲ್ಲದಿದ್ದರೂ ತೊಯ್ದ ಉಣ್ಣೆಯ ವಾಸನೆ ಬರುತ್ತಿತ್ತು.

ಬಂಡೆಯ ಮೇಲಿನ ಕುರಿಸಾಲನ್ನು ನೋಡಿ ಕುರುಬರ ಹುಡುಗಿ ಈರಕ್ಕ, "ಮೇಷ್ಟ್ರೆ, ಇವು ನಮ್ಮವು. ಬೆನ್ನ ಮೇಲೆ ನಮ್ಮನೆ ಗುರುತೈತೆ," ಎಂದಳು. ಮೂರು ಗೀಟು, ಒಂದು ಚುಕ್ಕೆ. ಒದ್ದೆ ಬೆರಳಿನಿಂದ ಉಜ್ಜಿ ನೋಡಿದೆ. ಬಣ್ಣ ಕಲ್ಲಿನೊಳಗೇ ಇಳಿದಿತ್ತು.

ಸಂಜೆ ಅವಳ ತಾತ ಕರಿಸಿದ್ದಪ್ಪನಿಗೆ ಹೇಳಿದೆ.

"ನಂಗೂ ತಮ್ಮಂಗೂ ಮೊನ್ನೆ ಕುರಿ ಪಾಲಾದವು. ಆಮೇಲೆ ನಾನೇ ಹೊಸದಾಗಿ ಹಾಕಿದ ಗುರುತು ಅದು, ಮೇಷ್ಟ್ರೆ," ಎಂದ. ಮತ್ತೆ, "ಕುರಿ ಹಿಂದೆ ನಾನೂ ಇದೀನಾ?" ಎಂದು ಕೇಳಿದ.

ಚಿತ್ರದಲ್ಲಿ ಕುರಿಗಳ ಹಿಂದೆ ಕೋಲು ಹಿಡಿದ ಪುಟ್ಟ ಹುಡುಗಿಯೊಬ್ಬಳೇ ಇದ್ದಳು.