ನಲವತ್ತು ಪರ್ಸೆಂಟ್

ಅವನು ಅಮ್ಮನ ಹಲ್ಲುಸೆಟ್ಟು ಒಯ್ಯಲು ಬಂದಿದ್ದ. ಅವಳು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಮೇಣ, ಪ್ಲಾಸ್ಟರಿನ ನಡುವೆ ಕೂತು ಕೆಲಸ ಮಾಡುವವಳು. ಯಾರೇ ಬರಲಿ, ಮುಖಕ್ಕಿಂತ ಮೊದಲು ಹಲ್ಲು ನೋಡುವವಳು. ಅವತ್ತು ಮಾತ್ರ ಕೈ ನೋಡಿದಳು. ಅವನ ಫೋನಿನ ಕಪ್ಪು ಪರದೆಯ ತುಂಬ ಸಣ್ಣ ಅಕ್ಷರಗಳು ಇರುವೆ ಸಾಲಿನ ಹಾಗೆ ಓಡುತ್ತಿದ್ದವು.

“ಅದು ಫೋನಾ, ಕಂಪ್ಯೂಟರಾ?”

“ಎರಡೂ.”

“ಅಂದ್ರೆ ಎರಡೂ ಸರಿಯಾಗಿಲ್ಲ ಅಂತ.”

ಅವನು ನಕ್ಕ. ಮುಂದಿನ ಹಲ್ಲೊಂದು ಸ್ವಲ್ಪ ವಾರೆ. ಆ ವಾರೆ ಹಲ್ಲೇ ಅವಳನ್ನು ಕೆಡಿಸಿತು ಎನ್ನಬೇಕು.

ಲ್ಯಾಪ್‌ಟಾಪಿನ ಮೇಲೆ ಪೆಂಗ್ವಿನ್ ಸ್ಟಿಕರ್ ಅಂಟಿಸಿಕೊಂಡವನಿಗೆ ಗೆಳೆಯರು ಪೆಂಗ್ವಿನ್ ಎಂದೇ ಹೆಸರಿಟ್ಟಿದ್ದರು. ಹೊಟ್ಟೆಪಾಡಿಗೆ ಒಂದು ಕಚೇರಿಯಲ್ಲಿ ಕಂಪ್ಯೂಟರ್ ರಿಪೇರಿ. ಜೀವವೆಲ್ಲ ಮಾತ್ರ ಲಿನಕ್ಸ್ ಮೇಲೆ. ಯಾವ ಕಂಪನಿಯ ಸೊತ್ತೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಆ ಕಂಪ್ಯೂಟರ್ ವ್ಯವಸ್ಥೆಯನ್ನು ಫೋನಿನೊಳಗೆ ಕೂರಿಸುವ ಹುಚ್ಚು ಅವನಿಗೆ. ಕಂಪನಿ ಕೈಬಿಟ್ಟಿದ್ದ ಅವಳ ಹಳೆಯ ಫೋನಿಗೂ ಕೂರಿಸಿಕೊಟ್ಟ. ಬೇರೆ ಹುಡುಗರು ಹೂ ಕೊಡುತ್ತಾರೆ.

“ಒಂದು ಮಾತು. ಸೆಟ್ಟಿಂಗ್ಸಲ್ಲಿ ಸ್ಲೀಪ್ ಅಂತ ಇದೆ. ಅದನ್ನ ಮಾತ್ರ ಆನ್ ಮಾಡಬೇಡ.”

“ಮಾಡಿದ್ರೆ?”

“ಮಲಗಿಬಿಡುತ್ತೆ. ಕಾಲ್ ಬಂದ್ರೂ ಏಳಲ್ಲ.”

ಕಂಪ್ಯೂಟರ್ ಮಲಗಿದರೆ ಯಾರಿಗೂ ನಷ್ಟವಿಲ್ಲ. ಫೋನ್ ಹಾಗಲ್ಲ, ಎಳೆಮಗುವಿನ ತಾಯಿಯ ಹಾಗೆ, ಮಲಗಿದರೂ ಕಿವಿ ಎಚ್ಚರವಿರಬೇಕು. ಆ ಅರೆನಿದ್ದೆಯನ್ನು ಕಲಿಸಲು ಪೆಂಗ್ವಿನ್ ಹೆಣಗುತ್ತಿದ್ದ. ಅಲ್ಲಿಯವರೆಗೆ ಫೋನ್ ಇಡೀ ದಿನ ಕಣ್ಣು ಬಿಟ್ಟುಕೊಂಡೇ ಇರುತ್ತಿತ್ತು. ಸಂಜೆಯ ಹೊತ್ತಿಗೆ ಬ್ಯಾಟರಿ ಕೈಕೊಡುತ್ತಿತ್ತು.

ದಿನವೂ ಸಂಜೆ ಲ್ಯಾಬಿನ ಮೆಟ್ಟಿಲ ಬಳಿ ನಿಂತು ಕೇಳುತ್ತಿದ್ದ. “ಎಷ್ಟಿದೆ?”

“ಸತ್ತು ಹೋಗಿದೆ.”

ಅವನ ಮುಖ ಚಿಕ್ಕದಾಗುತ್ತಿತ್ತು. ಮಾರನೇ ದಿನ ಮತ್ತೇನೋ ತಿದ್ದುಪಡಿ, ಮತ್ತದೇ ಪ್ರಶ್ನೆ, ಮತ್ತದೇ ಮುಖ. ಪ್ರೀತಿಸುವವರಿಗೆ ಅದನ್ನು ನೋಡುವುದು ಬಹಳ ಕಷ್ಟ.

ಒಂದು ದಿನ ಅವಳು ಬೆಳಿಗ್ಗೆಯೇ ಸ್ಲೀಪ್ ಒತ್ತಿದಳು. ಆಗಾಗ ಎಬ್ಬಿಸಿ ನೋಡಿಕೊಂಡರಾಯಿತು ಎಂದುಕೊಂಡಳು.

“ಎಷ್ಟಿದೆ?”

“ನಲವತ್ತು.”

ಅವನು ಅವಳನ್ನೇ ನೋಡಿದ. ಕಣ್ಣಿನಿಂದ ಶುರುವಾದ ನಗು ವಾರೆ ಹಲ್ಲಿನವರೆಗೆ ಇಳಿಯಿತು. ಆ ನಗುವಿಗಾಗಿ ಅವಳು ಮಾರನೇ ದಿನವೂ ಒತ್ತಿದಳು, ಅದರ ಮಾರನೇ ದಿನವೂ.

ಅವಳ ಅಕ್ಕನದು ಲ್ಯಾಬಿನ ಹಿಂದಿನ ಬೀದಿ. ಅಕ್ಕನಿಗೆ ಉಬ್ಬಸ. ಭಾವ ದೂರದ ರೂಟಿನ ಬಸ್ ಚಾಲಕ, ಮನೆಯಲ್ಲಿರುವ ದಿನಗಳೇ ಕಡಿಮೆ. ಉಸಿರು ಕಟ್ಟಿದರೆ ತಂಗಿಗೆ ಫೋನ್ ಮಾಡುವುದು, ತಂಗಿ ಇದ್ದ ಕೆಲಸ ಬಿಟ್ಟು ಓಡುವುದು, ಇದು ಅಕ್ಕತಂಗಿಯರ ನಡುವಿನ ಒಪ್ಪಂದ. ಎಷ್ಟೋ ಸಲ ಕೈಗೆ ಅಂಟಿದ ಮೇಣದ ಸಮೇತ ಓಡಿ ಹೋಗಿ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಳು.

ಆ ಮಧ್ಯಾಹ್ನ ಒಂದು ದವಡೆಯ ಅಚ್ಚು ಸರಿಯಾಗಿ ಕೂರುತ್ತಿರಲಿಲ್ಲ. ಫೋನ್ ನೋಡುವುದು ಮರೆಯಿತು. ಕೊನೆಗೆ ಎಬ್ಬಿಸಿದಾಗ ಅಕ್ಕನ ಮಿಸ್ಡ್ ಕಾಲ್‌ಗಳ ಸುದ್ದಿ ಒಂದರ ಹಿಂದೆ ಒಂದು ಬಿತ್ತು. ಓಡಿದಳು. ಅಕ್ಕ ಬಾಗಿಲ ಹತ್ತಿರವೇ ಬಿದ್ದಿದ್ದಳು. ಬೆರಳು ಇನ್ನೂ ಫೋನಿನ ಮೇಲಿತ್ತು. ಉಸಿರಿರಲಿಲ್ಲ.

ಮಣ್ಣಿಗೆ ಬಂದವರ ಎದುರಿಗೇ ಪೆಂಗ್ವಿನ್ ಭಾವನ ಮುಂದೆ ಹೋಗಿ ನಿಂತ. “ಆ ಫೋನಿಗೆ ಸಿಸ್ಟಂ ಹಾಕಿಕೊಟ್ಟವನು ನಾನು. ತಪ್ಪು ನನ್ನದು.” ಭಾವ ಅವನ ಕಾಲರ್ ಹಿಡಿದು ಗೋಡೆಗೆ ನೂಕಿದರು. ತುಟಿ ಒಡೆಯಿತು. ಅವಳು ನೋಡುತ್ತ ನಿಂತಿದ್ದಳು. ಆಮೇಲೆ ಭಾವನೇ ಅವಳಿಗೊಂದು ಮಾಮೂಲಿ ಕಂಪನಿ ಫೋನ್ ತಂದುಕೊಟ್ಟರು. “ಅವನ ಸಹವಾಸ ಬಿಡು ತಾಯಿ. ನನಗಿನ್ನು ನೀನೊಬ್ಬಳೇ ಉಳಿದಿರೋದು” ಎಂದರು. ಮನೆಯಲ್ಲಿದ್ದ ದಿನವೆಲ್ಲ ಅವಳನ್ನು ಕರೆದು ಊಟಕ್ಕೆ ಕೂರಿಸುತ್ತಿದ್ದರು. ಆ ಅನ್ನ, ಆ ಕರುಣೆ ಅವಳಿಗೆ ಇಳಿಯುತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವನ ರೂಮಿಗೆ ಹೋದಳು. ಮೇಜು ಬೋಳಾಗಿತ್ತು. ವೈರು, ಬಿಚ್ಚಿಟ್ಟ ಫೋನು ಒಂದೂ ಇಲ್ಲ. ಅವನು ಗಡ್ಡ ಬಿಟ್ಟು ಸೊರಗಿದ್ದ.

“ನಿನ್ನ ತಪ್ಪಲ್ಲ ಕಣೋ,” ಎಂದಳು, ನಿಂತಲ್ಲೇ. “ಸ್ಲೀಪ್ ಆನ್ ಮಾಡಿದ್ದು ನಾನು. ನಲವತ್ತು ಅಂತ ಹೇಳಿದ್ದೆಲ್ಲ ಮೋಸ. ನಿನ್ನ ಮುಖ ನೋಡಕ್ಕಾಗದೆ ಮಾಡಿದೆ.”

“ಗೊತ್ತು.”

“ಏನು ಗೊತ್ತು?”

“ನೀನು ಮೊದಲನೇ ಸಲ ನಲವತ್ತು ಅಂದ ಸಂಜೆಯೇ ಗೊತ್ತಾಯ್ತು. ನನ್ನ ತಿದ್ದುಪಡಿಗೆ ಅಷ್ಟು ತಾಕತ್ತಿರಲಿಲ್ಲ.”

ಅವಳು ಮಂಚದ ಅಂಚಿಗೆ ಕೂತಳು. “ಮತ್ಯಾಕೋ ಬಾಯಿ ಬಿಡಲಿಲ್ಲ?”

“ನನಗೋಸ್ಕರ ಒಬ್ಬಳು ಸುಳ್ಳು ಹೇಳ್ತಾಳಲ್ಲ ಅಂತ ಖುಷಿಯಾಗಿತ್ತು ಕಣೇ. ಇನ್ನೆರಡು ದಿನ ಇರಲಿ, ಆಮೇಲೆ ಹೇಳಿ ಆಫ್ ಮಾಡಿಸೋಣ ಅಂದ್ಕೊಂಡೆ.”

ಅವಳು ಎದ್ದು ಅವನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಅವನು ತಡೆಯಲಿಲ್ಲ. ಗುದ್ದುವ ಕೈ ಸೋತಾಗ ಅಲ್ಲೇ ತಲೆಯಿಟ್ಟು ಅತ್ತಳು. ಅವನನ್ನು ದ್ವೇಷಿಸಲು ಸಾಧ್ಯವಾಗಿದ್ದರೆ ಎಷ್ಟು ಸುಲಭವಿತ್ತು! ಪ್ರೀತಿ ಮಾತ್ರ ಇದ್ದಲ್ಲೇ ಇತ್ತು, ನಾಚಿಕೆಯಿಲ್ಲದೆ.

“ಭಾವನಿಗೆ ಹೇಳ್ತೀನಿ,” ಎಂದಳು.

“ಬೇಡ. ಅವರಿಗೆ ಬೈಯೋಕೆ ನಾನಿದ್ದೀನಲ್ಲ. ನಿನಗೆ ಇರೋದು ಆ ಒಂದು ಮನೆ.”

“ಆ ಮನೇಲಿ ಕೂತು ಅನ್ನ ತಿನ್ನೋಕಾಗ್ತಿಲ್ಲ.”

ಇಬ್ಬರೂ ಭಾವನ ಮನೆಗೆ ಹೋದರು. ಅವನು ಬೀದಿಯಲ್ಲೇ ನಿಂತ. ಅವಳೊಬ್ಬಳೇ ಮೇಲೆ ಹತ್ತಿದಳು. ಭಾವ ಡ್ಯೂಟಿಯ ಅಂಗಿ ಇಸ್ತ್ರಿ ಮಾಡುತ್ತಿದ್ದರು. ಪೂರ್ತಿ ಕೇಳಿದರು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟು ಸ್ವಿಚ್ ಆರಿಸಿದರು.

“ಅವನ ಕಾಲರ್ ಹಿಡಿದೆ. ನಿನ್ನ ಮೇಲೆ ಕೈ ಮಾಡೋಕಾಗಲ್ಲ,” ಎಂದರು, ಅವಳತ್ತ ನೋಡದೆ. “ನಿನ್ನನ್ನ ಎದುರಿಗಿಟ್ಟುಕೊಂಡು ಬದುಕೋಕೂ ಆಗಲ್ಲ. ಹೋಗಮ್ಮ. ನಾನಾಗಿ ಫೋನ್ ಮಾಡೋವರೆಗೂ ಈ ಕಡೆ ಬರಬೇಡ.”

ಕೆಳಗೆ ಬಂದು ಪೆಂಗ್ವಿನ್‌ಗೆ ಅಷ್ಟನ್ನೇ ಹೇಳಿದಳು.

“ಮಾಡ್ತಾರಾ?”

“ಗೊತ್ತಿಲ್ಲ. ನನಗೂ ನಿನ್ನ ಮುಖ ನೋಡಿದಾಗಲೆಲ್ಲ ಅಕ್ಕ ಕಣ್ಮುಂದೆ ಬರ್ತಾಳೆ.”

“ಹಾಗಾದ್ರೆ ನಾನು ಹೋಗಿಬಿಡಲಾ?”

“ನೀನೂ ಹೋದ್ರೆ ಯಾರ ಹತ್ರ ಅಳಲಿ?”

ಬೀದಿ ಕೊನೆಯ ಚಹಾ ಅಂಗಡಿಯಲ್ಲಿ ಕೂತರು. ಅವಳು ಫೋನಿನ ಸದ್ದನ್ನು ಪೂರ್ತಿ ಏರಿಸಿ ಮೇಜಿನ ಮೇಲೆ ಇಟ್ಟಳು. ಅವನು ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಚಹಾ ತಣ್ಣಗಾಯಿತು.

ಪಕ್ಕದ ಮೇಜಿನಲ್ಲಿ ಯಾರದೋ ಫೋನ್ ರಿಂಗಾಯಿತು. ಇಬ್ಬರೂ ತಮ್ಮದೆಂದು ಬಗ್ಗಿ ನೋಡಿದರು.