ನೆರಳಿನ ಸೀಟು

ಸುಧಾರಾಣಿ ಜಿಗಿದು ಕಿಟಕಿಯೊಳಗೆ ಕರ್ಚೀಫು ಎಸೆದಳು. ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ.

“ಅವ್ವಾ, ಎಡಗಡೆ! ನೆರಳಿನ ಸೀಟು ಸಿಕ್ತು!”

ಅವ್ವ ದ್ರಾಕ್ಷಾಯಿಣಿ ಕೊಡೆ ಮಡಚಿ ಮೆಲ್ಲಗೆ ಹತ್ತಿದಳು. ರಾಣೆಬೆನ್ನೂರಿನಲ್ಲಿ ರಕ್ತ ಪರೀಕ್ಷೆ ಮುಗಿದಿತ್ತು. ಇನ್ನು ಬ್ಯಾಡಗಿಗೆ, ಮನೆಗೆ.

ಮೊದಲೆಲ್ಲ ಈ ದಾರಿಯಲ್ಲಿ ಕಿಟಕಿಗಾಗಿ ಇಬ್ಬರಿಗೂ ಜಗಳ. ಕೊನೆಗೆ ಸುಧಾ ಅವ್ವನ ತೊಡೆಯ ಮೇಲೆ, ಇಬ್ಬರ ಮುಖವೂ ಗಾಳಿಗೆ. ಊರು ಹತ್ತಿರ ಬಂದಾಗ ಕಣ್ಣು ಮುಚ್ಚಬೇಕು. ಮೆಣಸಿನಕಾಯಿಯ ಘಾಟಿಗೆ ಯಾರು ಮೊದಲು ಸೀನುತ್ತಾರೋ ಅವರು ಔಟ್. ಅವ್ವ ಬೇಕೆಂದೇ ಸೀನುತ್ತಿದ್ದಳು.

ಬಸ್ಸು ಸ್ಟ್ಯಾಂಡಿನಿಂದ ಹೊರಬಿದ್ದು ತಿರುಗಿತು. ಬಿಸಿಲು ಸೀದಾ ಅವ್ವನ ಕೆನ್ನೆಯ ಮೇಲೆ ಬಿತ್ತು.

ಸುಧಾ ಅಂಗೈ ಅಡ್ಡ ಹಿಡಿದಳು. ಬಸ್ಸು ಯಾವ ಕಡೆ ತಿರುಗುತ್ತದೆ ಎಂದು ಅವಳು ಯೋಚಿಸಿರಲೇ ಇಲ್ಲ!

“ಇರ್ಲಿ ಬಿಡ ಸುಧಾ, ಸೆರಗು ಹೊದ್ಕೋತೇನಿ,” ಎಂದಳು ಅವ್ವ.

ಸುಧಾ ಎದ್ದಳು. ಬಲಗಡೆ ಮೂವರ ಸೀಟಿನ ತುದಿಯಲ್ಲಿ ಟೊಪ್ಪಿಗೆಯ ಮುದುಕ ಕೂತಿದ್ದ.

“ಅಜ್ಜಾರ, ನಮ್ಮವ್ವನ ಜೋಡಿ ಸೀಟು ಚೇಂಜ್ ಮಾಡ್ತೀರೇನ್ರಿ? ಆ ಕಡೆ ಬಿಸಲೈತಿ.”

“ನಿಮ್ಮವ್ವೇನು ಬೆಣ್ಣಿ ಮುದ್ದಿ ಏನು, ಬಿಸಲಿಗೆ ಕರಗಾಕ?”

ಹಿಂದಿನ ಸೀಟಿನವರು ನಕ್ಕರು. ಸುಧಾ ನಗಲಿಲ್ಲ.

“ಅಕಿಗೆ ಲೂಪಸ್ ಅನ್ನೋ ಜಡ್ಡು ಐತ್ರಿ. ಬಿಸಲು ತಾಗಿದ್ರ ಜೋರಾಗ್ತೈತಿ. ಅದs ಹಾರ್ಟಿನ ವಾಲ್ವ್ ಕೆಡಿಸಿತ್ರಿ. ಈಗ ಲೋಹದ್ದು ಕುಂದ್ರಿಸ್ಯಾರ. ಮತ್ತ...” ಅವಳು ಅವ್ವನ ಕಡೆ ತಿರುಗಿ ನೋಡಿದಳು. “ಮತ್ತ ಆಪರೇಶನ್ ಬ್ಯಾಡ್ರಿ.”

ಮುದುಕ ಥಟ್ಟನೆ ಎದ್ದ. “ಮೊದ್ಲs ಹೇಳಬಾರದೇನ ಹುಡುಗಿ! ಬಾರವಾ ತಂಗಿ, ಇಲ್ಲಿ ಕುಂದ್ರು.”

ಅವ್ವ ನೆರಳಿಗೆ ಬಂದಳು. ಸುಧಾ ಅವಳ ಪಕ್ಕ, ಸೀಟಿನ ಅಂಚಿಗೆ ಜೋತುಬಿದ್ದಳು.

ಮೋಟೆಬೆನ್ನೂರಿನಲ್ಲಿ ಡ್ರೈವರ್ ಎಂಜಿನ್ ಆಫ್ ಮಾಡಿ ಚಹಾಕ್ಕೆ ಇಳಿದ. ಸುಧಾ ಅವ್ವನ ಭುಜಕ್ಕೆ ಕಿವಿ ಒತ್ತಿದಳು. ಟಿಕ್. ಟಿಕ್. ಟಿಕ್. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ವಾಲ್ವಿನ ಈ ಸದ್ದಿಗೆ ಹೆದರಿ ಅವಳು ದೂರ ಮಲಗುತ್ತಿದ್ದಳು.

ಬಸ್ಸು ಮತ್ತೆ ಹೊರಟಿತು. ಸ್ವಲ್ಪ ಹೊತ್ತಿಗೆ ಗಾಳಿಯಲ್ಲಿ ತೆಳ್ಳಗೆ ಘಾಟು. ಸುಧಾ ತಲೆ ಎತ್ತಿ ನೋಡಿದಳು. ಅವ್ವ ಕಣ್ಣು ಮುಚ್ಚಿಕೊಂಡು, ಮೂಗು ಅರಳಿಸಿ ಕಾಯುತ್ತಿದ್ದಳು.

“ಏ ಹುಡುಗಿ,” ಮುದುಕ ಆ ಕಡೆಯಿಂದ ಕರೆದ. ಅವನ ಕೈಯಲ್ಲಿ ಅವಳ ಕರ್ಚೀಫಿತ್ತು. “ಅಲ್ಲ್ಯಾಕ ಜೋತಾಡ್ತಿ? ಇಲ್ಲಿ ಕಿಟಕಿ ಖಾಲಿ ಐತಿ. ಚಲೋ ಗಾಳಿ ಬರ್ತೈತಿ, ಬಾ.”

ಸುಧಾ ಅವ್ವನಿಗೆ ಇನ್ನಷ್ಟು ಒರಗಿ ಕಣ್ಣು ಮುಚ್ಚಿದಳು.

“ಒಲ್ಲೆ.”